ಸ್ವರ್ಣಲತಾನ ಗಂಡ

ಮನೀಶನಿಗೆ ಹೆಂಡತಿ ಇರಲಿಲ್ಲ. ವೇದಿಕೆಯ ಮೇಲೆ ಮಾತ್ರ ಒಬ್ಬಳಿದ್ದಳು, ಹೆಸರು ಸ್ವರ್ಣಲತಾ. ಕಡಲ ದಂಡೆಯ ಕೋಡಿ ಊರಿನ ಈ ಹಾಸ್ಯಗಾರ ಏಳು ವರ್ಷಗಳಿಂದ ಬೈಂದೂರು, ಬ್ರಹ್ಮಾವರಗಳ ಹಾಸ್ಯಸಂಜೆಗಳಲ್ಲಿ ಅವಳ ಮೇಲಿನ ನಲವತ್ತೊಂದು ಜೋಕು ಹೇಳಿಯೇ ಹೆಸರು ಮಾಡಿದ್ದ.

ಕೈ ಹಿಂದಕ್ಕೆ ಕಟ್ಟಿ, ನಿದ್ದೆಯಲ್ಲಿ ಮಾತಾಡುವವನಂತೆ ಮೆಲ್ಲಗೆ ಹೇಳುವುದು ಅವನ ಶೈಲಿ. ಸ್ವರ್ಣಲತಾ ಚೌಕಾಸಿಗೆ ನಿಂತರೆ ಬಂಗುಡೆ ಮೀನೇ ಬೇಸತ್ತು ಅವಳ ಚೀಲಕ್ಕೆ ಹಾರುತ್ತದೆ ಎನ್ನುವಾಗಲೂ ಅವನ ಮುಖ ಸತ್ತವರ ಬೊಜ್ಜದ ಊಟಕ್ಕೆ ಕೂತವನ ಹಾಗೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನು ಬಸ್ಸಿನಲ್ಲಿ ವಾಪಸಾಗುವಾಗ ಪಕ್ಕದ ಸೀಟು ಖಾಲಿ ಬಿಟ್ಟುಕೊಳ್ಳುತ್ತಿದ್ದ. ಸೇತುವೆ ಬಂದಾಗ ಅವಳಿಗೂ ಹೊಳೆ ಕಾಣಲೆಂದು ತಲೆಯನ್ನು ಹಿಂದಕ್ಕೆ ಒರಗಿಸುತ್ತಿದ್ದ.

ಅಂಥವನಿಗೆ ಮೂವತ್ತಾರನೇ ವಯಸ್ಸಿನಲ್ಲಿ ಬೈಂದೂರಿನ ಶರ್ಮಿಳಾ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಗುವುದರಲ್ಲಿತ್ತು. ಆ ಭಾನುವಾರ ಬೆಳಿಗ್ಗೆ ಅವಳೂ ಅವಳ ಸೋದರಮಾವ ಜಿತೇಂದ್ರನೂ ಮನೆ ನೋಡಲು ಬಂದರು. ಮನೀಶನ ಮನೆ ಯಾವುದೆಂದು ಅಂಗಡಿಯಲ್ಲಿ ಕೇಳಿದರು.

"ಸ್ವರ್ಣಲತಾನ ಮನಿಯಾ? ಅದೇ ಕಾಣಿ, ನೀಲಿ ಬಾಗ್ಲಿಂದ್."

ಊರಿಗೆ ಅದೇ ರೂಢಿಯಾಗಿತ್ತು. ಇವನಿಗೆ ಆಗಲೇ ಹೆಂಡತಿಯಿದ್ದಾಳೆ ಎಂದುಕೊಂಡು ಜಿತೇಂದ್ರ ಅಂಗಳದಲ್ಲೇ ನಿಂತ. ಸ್ವರ್ಣಲತಾ ಬರೀ ಕಲ್ಪನೆ ಎಂದು ಮನೀಶ ಆಣೆ ಹಾಕಿ ಹೇಳಿದ. ಅದೇ ಬೊಜ್ಜದ ಮುಖ. ಜಿತೇಂದ್ರ ಒಂದಕ್ಷರವನ್ನೂ ನಂಬಲಿಲ್ಲ.

ಗಲಾಟೆ ಕೇಳಿ ನೆರೆಮನೆಯ ಸರಸಕ್ಕ ಮೀನಿನ ಬುಟ್ಟಿ ಇಳಿಸಿ ಬಂದಳು. ಹಿಂದೆಯೇ ಅರ್ಧ ಕೇರಿ. ಹೆಂಗಸು ಕಾಲಿಟ್ಟ ಮನೆಯೇ ಇದಲ್ಲ ಎಂದು ತೋರಿಸಲು ಸರಸಕ್ಕ ಅಡುಗೆಮನೆ, ಮಂಚದ ಅಡಿ ಎಲ್ಲ ತೋರಿಸಿ, ಕೊನೆಗೆ ಕಪಾಟಿನ ಬಾಗಿಲು ತೆರೆದಳು. ಒಳಗೆ ಮಡಿಕೆ ಬಿಚ್ಚದ ಒಂದು ಸೀರೆ. ಗಿಳಿಹಸಿರು ಅಂಚು.

"ಇದ್ ಯಾರಿಗಾ?" ಎಂದಳು ಸರಸಕ್ಕ. ಅವಳ ಸ್ವರವೂ ಇಳಿದಿತ್ತು.

"ಸ್ವರ್ಣಲತಾನಿಗೆ. ಈ ಬಣ್ಣ ಅದಕ್ಕೆ ಒಪ್ಪತ್ತಾ ಅಂದೇಳಿ ಕಾಂಬುಕೆ," ಎಂದ ಮನೀಶ.

ಕೇರಿಗೆ ಕೇರಿಯೇ ದೇವರ ಮೇಲೆ ಪ್ರಮಾಣ ಮಾಡಬೇಕಾಯಿತು. ಒಂದು ತಾಸು ಹಿಡಿಯಿತು. ಕೊನೆಗೆ ಜಿತೇಂದ್ರ ಬೆವರು ಒರೆಸಿಕೊಂಡು, ಕಲಾವಿದರೆಂದರೆ ಹೀಗೇ ಇರಬಹುದು ಎಂದು ಒಪ್ಪಿದ. ಚಾ ಬಂತು. ಆಗ, ಅಷ್ಟು ಹೊತ್ತೂ ಸೀರೆಯನ್ನೇ ನೋಡುತ್ತಿದ್ದ ಶರ್ಮಿಳಾ ಬಾಯಿ ತೆರೆದಳು.

"ಮಾವ, ಇವ್ರಿಗೆ ಹೆಂಡ್ತಿ ಇತ್ತ್. ಕಣ್ಣಿಗ್ ಕಾಣ್ತಿಲ್ಲ, ಅಷ್ಟೆ. ಕಾಂಬುದಾದ್ರೆ ಜಗಳ ಆದ್ರೂ ಆಡ್ಲಕ್ಕಿತ್ತ್."

ಚಾ ಮುಟ್ಟದೆ ಎದ್ದಳು.

ಸಂಜೆ ಬ್ರಹ್ಮಾವರದಲ್ಲಿ ಕಾರ್ಯಕ್ರಮ. ಹುಡುಗನಿಗೆ ಬೇಸರವಾಗಿದೆಯೆಂದು ಕೇರಿಯವರು ಮೀನಿನ ಟೆಂಪೋ ತೊಳೆದು ಹತ್ತಿ ಬಂದು ಮುಂದಿನ ಸಾಲಿನಲ್ಲೇ ಕೂತರು. ಮನೀಶ ಕೈ ಹಿಂದಕ್ಕೆ ಕಟ್ಟಿದ. "ನನ್ನ ಹೆಂಡತಿ ಸ್ವರ್ಣಲತಾ..." ಎಂದು ಶುರುಮಾಡಿದ.

ಸರಸಕ್ಕ ಎದ್ದು ನಿಂತು ಸಭೆಯ ಕಡೆ ತಿರುಗಿದಳು. ಅವಳ ಉದ್ದೇಶದಲ್ಲಿ ಒಂದಿಷ್ಟೂ ಕೆಡುಕಿರಲಿಲ್ಲ.

"ಹ್ವಾಯ್, ಇವನಿಗೆ ಮದಿಯೇ ಆಯ್ಲಿಲ್ಲ. ಹೆಂಡ್ತಿ ಗಿಂಡ್ತಿ ಎಲ್ಲ ಸುಳ್ಳ್. ಒಳ್ಳೆ ಗಂಡ್. ನಿಮ್ ಬದಿಯಂಗೆ ಹೆಣ್ಣಿದ್ರೆ ಹೇಳಿ."

ಐನೂರು ಜನ ಒಮ್ಮೆಲೇ ಮನೀಶನನ್ನು ನೋಡಿದರು. ಅವನು ಬಂಗುಡೆಯ ಜೋಕು ಹೇಳಿದ. ಹೆಂಗಸರ ಸಾಲಿನಲ್ಲಿ ಯಾರೋ "ಪಾಪ" ಎಂದರು. ಮತ್ತೊಂದು ಹೇಳಿದ. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುದ್ದಿ ವಾರದೊಳಗೆ ಬೈಂದೂರು ದಾಟಿತು.

ಹೋದದ್ದು ಶರ್ಮಿಳಾ ಒಬ್ಬಳು, ಸ್ವರ್ಣಲತಾ ಒಬ್ಬಳು, ಜೋಕು ನಲವತ್ತೊಂದು.