ನಾಲ್ಕನೇ ದಿನದ ಸೂಜಿ

ನಗೆಪಾಟಲಾಗುವ ಸರದಿ ನಮ್ಮ ಓಣಿಯಲ್ಲಿ ಕಾಲುವೆ ನೀರಿನ ಸರದಿಯಂತೆ ಒಂದಲ್ಲ ಒಂದು ಮನೆಗೆ ಬರುತ್ತಲೇ ಇರುತ್ತದೆ. ನಮ್ಮ ಮನೆಯದನ್ನು ಕಥೆ ಮಾಡಿ ನನಗೇ ಮೊದಲು ಹೇಳಿದವನು ಕೆಂಭಾವಿ ಸಂತೆಯ ಮೆಣಸಿನಕಾಯಿ ವ್ಯಾಪಾರಿ. "ಯಾವನೋ ಒಬ್ಬ ಮುದುಕ ಅದಾನಂತ್ರಿ," ಎಂದು ಶುರು ಮಾಡಿದ. ನಾನು ಕಾಯಿ ಆರಿಸುವವನಂತೆ ತಲೆ ತಗ್ಗಿಸಿ ಪೂರ್ತಿ ಕೇಳಿದೆ.

೧. ಕಾಲುವೆಯ ಕೊನೆ

ಮೊಮ್ಮಗಳ ಮೈಮೇಲೆ ಕೆಂಪು ಗುಳ್ಳೆ ಎದ್ದ ಬೆಳಿಗ್ಗೆಯೇ ದವಾಖಾನೆಯ ಸಿಸ್ಟರ್ ಬಂದರು. ದಡಾರ ಇರಬಹುದು, ನಮ್ಮ ಕಡೆ ಗೊಬ್ಬರ ಅನ್ನುತ್ತಾರಲ್ಲ, ಅದು. ರಕ್ತದಲ್ಲಿ ಖಾತ್ರಿಯಾದರೆ ಓಣಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿಸಬೇಕು ಎಂದರು.

"ಹಂಗಾರ ಈಗ ತಗೋರಿ," ಎಂದು ನಾನೇ ಕೂಸಿನ ತೋಳು ಮುಂದೆ ಹಿಡಿದೆ.

"ಈಗ ಬ್ಯಾಡ್ರಿ ಕಾಕಾ. ಇವತ್ತ ತಗೊಂಡ್ರ ಇದ್ದ ರೋಗಾನೂ ಇಲ್ಲ ಅಂತ ಬರಬಹುದು. ನಾಲ್ಕನೇ ದಿನ ಬರ್ತೀನಿ."

ಕೆಲಸಗಳ್ಳಿ ಎಂದುಕೊಂಡೆ. "ರಕ್ತ ಏನು ಮೆಣಸಿನಕಾಯೇನವಾ, ಕೆಂಪಾಗಲಿ ಅಂತ ಕಾಯಾಕ?"

"ಪರೀಕ್ಷಾದಾಗ ಹುಡುಕೂ ರೋಗದ ಗುರುತು ರಕ್ತಕ್ಕ ಬರಾಕ ಹೊತ್ತು ಬೇಕ್ರಿ. ಗೇಟ್ ಎತ್ತಿದ ದಿನಾನ ನಿಮ್ಮ ಹೊಲಕ್ಕ ನೀರು ಬರ್ತದೇನ್ರಿ?"

ನಮ್ಮ ಹೊಲ ಕಾಲುವೆಯ ಕಟ್ಟಕಡೆಗಿದೆ. ಇದೇ ಮಾತನ್ನು ನೀರಾವರಿ ಆಫೀಸಿನಲ್ಲಿ ಗಂಟಲು ಹರಿಯುವಂತೆ ಕೂಗಿ ಬಂದವನು ನಾನು. ಕೂಸಿನ ತೋಳನ್ನು ಮೆಲ್ಲಗೆ ಒಳಗೆಳೆದುಕೊಂಡೆ.

೨. ಹೂವು

ನಾಲ್ಕನೇ ದಿನ ಅವರು ಬರುವಷ್ಟರಲ್ಲಿ ನಮ್ಮ ಬಾಗಿಲಿಗೆ ಬೇವು ಕಟ್ಟಿಯಾಗಿತ್ತು. ಗುಳ್ಳೆಯಾಗಿ ಮನೆಗೆ ಅಮ್ಮ ಬಂದಿದ್ದಾಳೆ ಎಂದು ಓಣಿಯ ಹಿರಿಯರು ಹೇಳಿದ್ದರು. ಉಡಿ ತುಂಬಿ ಕಳಿಸುವವರೆಗೆ ಕೂಸಿನ ಮೈಗೆ ಸೂಜಿ ಮುಟ್ಟಿಸುವಂತಿಲ್ಲ.

"ಅಮ್ಮನ್ನ ಕಳಿಸಿ, ಕೊಡೇಕಲ್ಲಿನ ಗುಡಿಗೆ ಹೋಗಿ ಕಾಯಿ ಒಡಿಸ್ಕೊಂಡು ಬರ್ತೀವಿ. ಆಮ್ಯಾಲ ಬರ್ರಿ."

"ಭಾಳ ತಡಾ ಆದ್ರ ರಕ್ತದಾಗ ಗುರುತು ಸಿಗೂದಿಲ್ರಿ ಕಾಕಾ."

ಬಾಗಿಲಲ್ಲಿ ಪಕ್ಕದ ಮನೆಯ ಸೊಸೆ, ಇನ್ನೂ ಲಸಿಕೆಯಾಗದ ಕೂಸನ್ನು ಅವಚಿಕೊಂಡು ನಿಂತಿದ್ದಳು. "ಅಲ್ಲೀತನಕ ನನ್ನ ಕೂಸಿನ ಗತಿ ಏನ್ರಿ ಮಾವಾ?"

ಅಮ್ಮನನ್ನೇ ಕೇಳೋಣವೆಂದು ಪಟದ ಮೇಲೆ ಹೂವಿಟ್ಟೆ. ಬಲಕ್ಕೆ ಬಿದ್ದರೆ ಅಪ್ಪಣೆ. ಎಡಕ್ಕೆ ಬಿತ್ತು. ಮತ್ತೆ ಇಟ್ಟೆ, ಮತ್ತೆ ಎಡಕ್ಕೆ.

"ನೋಡ್ರಿ, ಅಕೀನ ಒಲ್ಲೆ ಅಂತಾಳ," ಎಂದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಫ್ಯಾನ್ ಬಂದ್ ಮಾಡಿ ಕೇಳ್ರಿ!"

೩. ಅಪ್ಪಣೆ

ಫ್ಯಾನ್ ನಿಂತಿತು. ಹೂವು ಸ್ವಲ್ಪ ಹೊತ್ತು ಕೂತು ಬಲಕ್ಕೆ ಜಾರಿತು. ಓಣಿಯೆಲ್ಲ ಬಾಗಿಲಲ್ಲಿತ್ತು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಂಜಬ್ಯಾಡವಾ, ಅಜ್ಜ ಅದೀನಿ," ಎಂದೆ. ಸಿರಿಂಜಿನಲ್ಲಿ ಕೆಂಪು ಏರಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಸಿಸ್ಟರ್ ಬೇವಿನ ತೊಪ್ಪಲಿನಿಂದ ಗಾಳಿ ಹಾಕುತ್ತಿದ್ದರು. ತೋಳಿಗೆ ಹತ್ತಿ ಒತ್ತಿಕೊಂಡ ಮೊಮ್ಮಗಳು ನನ್ನ ಹೆಂಡತಿಯನ್ನು ಕೇಳುತ್ತಿದ್ದಳು: "ಆಯೀ, ಅಜ್ಜಗ ಫ್ಯಾನ್ ಹಚ್ಚಲೇನು, ಇಲ್ಲಾ ಹೂವಿಟ್ಟು ಕೇಳಬೇಕೇನು?"

ರಕ್ತದಲ್ಲಿ ಗೊಬ್ಬರವೇ ಬಂತು, ಓಣಿಗೆ ಲಸಿಕೆಯೂ ಆಯಿತು. ಪಕ್ಕದ ಮನೆಯ ಕೂಸು ಅಮ್ಮನ ದಯೆಯಿಂದ ಚೆನ್ನಾಗಿದೆ. ಅದರ ತಾಯಿ ಮಾತ್ರ ನನ್ನನ್ನು ಕಂಡರೆ ಸೆರಗು ಬಾಯಿಗಿಡುತ್ತಾಳೆ. ಓದಿದವರು ಇದನ್ನು ನಾಲ್ಕು ಮಂದಿಗೆ ಹೇಳಬೇಕು. ನಾಲ್ಕನೇ ದಿನದ ಮಾತು ಬಿಡಬೇಡಿ. ಮುದುಕ ಯಾರೆಂದು ಕೇಳಿದರೆ, ನಮ್ಮೂರಿನವನಲ್ಲ, ಅತ್ತ ಕಡೇಚೂರಿನ ಕಡೆಯವನಂತೆ ಎನ್ನಿ.