ಕಂಪ್ಯೂಟರಿನೊಳಗೆ ನೀರಿನ ದಾರಿ

ನೀರಿನಿಂದ ತಂಪಾಗುವ ಕಂಪ್ಯೂಟರ್ ಜೋಡಿಸುವವನಿಗೆ ಸಿಟ್ಟು ಬರಿಸುವ ಪ್ರಸಂಗಗಳಿಗೆ ಬರವೇ ಇಲ್ಲ. ಈಚೆಗೆ ಖಾನಾಪುರದ ಒಂದು ಫೋಟೊ ಸ್ಟುಡಿಯೊಗೆ ಅಂಥದ್ದೊಂದು ಮಾಡಿಕೊಟ್ಟೆ. ಮದುವೆ ವಿಡಿಯೊ ಎಡಿಟ್ ಮಾಡುವಾಗ ಅವರ ಹಳೆಯ ಮಷಿನ್ ಕಾದು ನಿಂತುಬಿಡುತ್ತಿತ್ತು. ಹೊಸದರಲ್ಲಿ ಒಂದು ಹನಿ ಸೋರಿದರೂ ಎಲ್ಲ ಹಾಳು, ಗ್ಯಾರಂಟಿ ಕೊಟ್ಟವನು ನಾನು. ಅದಕ್ಕೇ ನೀರು ಎಲ್ಲಿಂದ ಹೊರಟು ಎಲ್ಲಿಗೆ ಬರಬೇಕೆಂದು ಊಟ ನಿದ್ದೆ ಬಿಟ್ಟು ನಕ್ಷೆ ಹಾಕಿದ್ದೆ.

ಎಂಜಲು

ಹಿಂದವಾಡಿಯಲ್ಲಿ ನನ್ನ ಅಂಗಡಿ ಇರುವ ಕಟ್ಟಡದ ಮಾಲಕಿಗೆ ಸುದ್ದಿ ಮುಟ್ಟಿತು. ನಳಕ್ಕೆ ನೀರು ಬರುವುದೇ ಅಪರೂಪ, ಇದಕ್ಕೆ ಎಷ್ಟು ಕೊಡ ನೀರು ಬೇಕೆಂದು ವಿಚಾರಿಸಲು ಬಂದರು. ನಕ್ಷೆ ತೋರಿಸಿದೆ. ಒಳಗಿನ ಪುಟ್ಟ ನೀರಿನ ಟಾಕಿಯಿಂದ ಪಂಪು, ಪಂಪಿನಿಂದ ಕಾದ ಪ್ರೊಸೆಸರ್, ಅಲ್ಲಿಂದ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಮತ್ತೆ ಟಾಕಿಗೆ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರು ಸ್ವಲ್ಪ ಸಾಕು, ಅದೇ ಸುತ್ತುತ್ತದೆ ಎಂದೆ. ಅವರು ಮುಖ ಸಿಂಡರಿಸಿದರು.

“ಅದ ಎಂಜಲ ನೀರ ಮತ್ತ ಮತ್ತ ಕುಡಸತೀರಿ? ಬಾಯಿಲ್ಲದ್ದು ಅಂತ ಹಿಂಗ ಮಾಡೂದೇನ್ರೀ?”

ಮರುದಿನ ಅಂಗಡಿ ಬಾಗಿಲಲ್ಲಿ ಒಂದು ಕೊಡ ಹೊಸ ನೀರು ಕೂತಿತ್ತು.

ಸೀಟು

ಬಸ್ಸಿನ ಕುಲುಕಾಟಕ್ಕೆ ಜಾಯಿಂಟು ಸಡಿಲಾದೀತೆಂದು ಖಾನಾಪುರಕ್ಕೆ ರೈಲಿನಲ್ಲಿ ಹೊರಟೆ. ಮಷಿನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದೇಸೂರಿನಲ್ಲಿ ಹತ್ತಿದ ಹಿರಿಯರೊಬ್ಬರು ಮಷಿನ್ನಿನ ಗಾಜಿನೊಳಗಿನ ನೀರಿನ ನಳಿಕೆ ನೋಡಿ, ದವಾಖಾನೆಯದೇ ಎಂದು ತೀರ್ಮಾನಿಸಿ ನನ್ನನ್ನೇ ಎಬ್ಬಿಸಿದರು.

“ನೀವು ಗಟ್ಟಿಮುಟ್ಟ ಅದೀರಿ, ನಿಂದರ್ರಿ. ಇದರಾಗ ಯಾರದೋ ಜೀವಾ ಐತಿ.”

ಇದು ಕಂಪ್ಯೂಟರ್ ರೀ ಎಂದು ನಾನು ಹೇಳಿದ್ದಕ್ಕೆ, ಪಾಪ, ಪೇಷಂಟ್ ಚಿಂತೆಯಲ್ಲಿ ಏನೇನೋ ಮಾತಾಡುತ್ತಿದ್ದಾರೆ ಎಂದು ರೈಲಿನ ಡಬ್ಬಿಗೆಲ್ಲ ಸಾರಿದರು. ಖಾನಾಪುರದವರೆಗೆ ಮಷಿನ್ ಕಿಟಕಿ ಬಾಜು ಕೂತು ಬಂತು, ನಾನು ನಿಂತು ಬಂದೆ.

ಹೂವು

ವಾರದೊಳಗೆ ಸ್ಟುಡಿಯೊದವರ ಫೋನು. ಹೊಸ ಮಷಿನ್ನೂ ಕಾದು ನಿಂತಿದೆ, ಮದುವೆ ಮನೆಯವರು ವಿಡಿಯೊಗಾಗಿ ಬಂದು ಕೂತಿದ್ದಾರೆ. ಓಡಿದೆ. ಸೋರಿಕೆ ಇಲ್ಲ, ಆದರೆ ಟಾಕಿಯ ನೀರು ಕೆಂಪಗಿದೆ. ಪಂಪು ಬಿಚ್ಚಿದರೆ ಚೆಂಡು ಹೂವಿನ ಎಸಳು.

ಸ್ಟುಡಿಯೊದವರ ತಾಯಿ ನಿಶ್ಚಿಂತೆಯಿಂದ ನಿಂತಿದ್ದರು. ಹೊಲದಲ್ಲಿ ಹೊಸ ಪಂಪು ಕೂಡಿಸಿದಾಗ ಮಾಡುವ ಹಾಗೆಯೇ, ಟಾಕಿಯ ಮುಚ್ಚಳ ತೆಗೆದು, ಅರಿಶಿನ ಕುಂಕುಮ ಹೂವು ಹಾಕಿ ಗಂಗಿ ಪೂಜೆ ಮಾಡಿದ್ದರಂತೆ. ನನ್ನ ತಾಳ್ಮೆ ಹರಿಯಿತು. ಒಂದೊಂದು ಹನಿಗೂ ದಾರಿ ಲೆಕ್ಕ ಹಾಕಿದ್ದೇನೆ, ನನ್ನ ಕಷ್ಟವೆಲ್ಲ ಹೊಳೆಗೆ ಹಾಕಿದಿರಿ ಎಂದು ಕೂಗಾಡಿದೆ. ನನಗಿಂತ ಹೆಚ್ಚು ಸಿಟ್ಟು ಅವರಿಗೇ ಬಂತು.

“ಇಷ್ಟ ಶಾಣ್ಯಾ ಅದಿ ತಮ್ಮಾ. ನೀರಿಗೆ ದಾರಿ ಮಾಡೂಮುಂದ, ಹೂವಿಗೂ ಒಂದ ದಾರಿ ಬೇಕಂತ ಹೊಳೀಲಿಲ್ಲೇನ ನಿನಗ?”