ಗೋರ್ನಾ ಲೆಸ್ಕಾದ ಒಂಬತ್ತು ಇಪ್ಪತ್ತರ ರೈಲು

ಗೋರ್ನಾ ಲೆಸ್ಕಾ ಗ್ರಾಮಕ್ಕೆ ದಿನಂಪ್ರತಿ ರೈಲು ಸಂಪರ್ಕವಿದೆ ಎಂಬುದು ದಾಖಲೆಗಳಿಂದ ದೃಢಪಟ್ಟ ಸಂಗತಿ. ಅಲ್ಲಿ ಹಳಿಗಳಿಲ್ಲ ಎಂಬುದೂ ಸತ್ಯವೇ. ಆದರೆ ಹಳಿ ಇಲ್ಲದಿರುವುದರಿಂದ ಸಂಚಾರಕ್ಕೆ ಈವರೆಗೆ ಯಾವುದೇ ಅಡಚಣೆ ಉಂಟಾಗಿಲ್ಲವೆಂದು ಪ್ರಾದೇಶಿಕ ರೈಲು ಪುನಶ್ಚೇತನ ಕಚೇರಿಯು ತನ್ನ ವಾರ್ಷಿಕ ವರದಿಯಲ್ಲಿ ಸಂತೋಷ ವ್ಯಕ್ತಪಡಿಸಿದೆ.

ಈ ರೈಲನ್ನು ಓಡಿಸುವವನು ಎವ್ತಿಮ್. ಇಪ್ಪತ್ತೊಂಬತ್ತು ವರ್ಷ ಡೈರಿಯಲ್ಲಿ ಮೊಸರಿನ ಹುಳಿ ಅಳೆದು ನಿವೃತ್ತನಾದವನು. ಹುಳಿ ಅಳೆದವನ ಬಾಯಲ್ಲಿ ಸುಮಾರು, ಅಂದಾಜು, ಇರಬಹುದು ಎಂಬ ಮಾತುಗಳು ಬರುವುದಿಲ್ಲ. ನಿವೃತ್ತಿಯಾದ ಮೇಲೆ ಊರಿನ ಬೇರೆ ಗಂಡಸರು ಪ್ಲಮ್ ಹಣ್ಣು ಕೊಳೆಹಾಕಿ ರಕಿಯಾ ಭಟ್ಟಿ ಇಳಿಸುತ್ತ ಕೂತರೆ, ಇವನು ಕಂಪ್ಯೂಟರಿನೊಳಗೆ ಮಾದರಿ ರೈಲು ಕಟ್ಟುವ ಹವ್ಯಾಸಕ್ಕೆ ಬಿದ್ದ. ಮೇಜಿನ ಮೇಲೆ ಓಡುವ ಪುಟ್ಟ ರೈಲಿಗೆ ಜಾಗ ಬೇಕು, ದುಡ್ಡು ಬೇಕು, ಹೆಂಡತಿಯ ಒಪ್ಪಿಗೆ ಬೇಕು. ಪರದೆಯೊಳಗಿನ ರೈಲಿಗೆ ಕುರ್ಚಿಯೊಂದಿದ್ದರೆ ಸಾಕು. ಮೌಸ್ ಎಳೆದರೆ ಹಳಿ, ಒತ್ತಿದರೆ ಮರ. ಇಪ್ಪತ್ತು ವರ್ಷದ ಹಿಂದೆ ಗುಜರಿಗೆ ಹೋದ ಊರಿನ ರೈಲುಮಾರ್ಗವನ್ನು, ಕೆಳಗಿನ ಪಟ್ಟಣ ದೋಲೆನ್ ಬ್ರೋದ್‌ವರೆಗಿನ ಹದಿನೆಂಟು ಕಿಲೋಮೀಟರನ್ನೂ, ಅವನು ಹಳಿಯಡಿಯ ಒಂದೊಂದು ಸ್ಲೀಪರು ತೊಲೆಯನ್ನೂ ಎಣಿಸಿ ಮತ್ತೆ ಹಾಕಿದ್ದ. ಅದರ ಮೇಲೆ ಕೆಂಪು ಎಂಜಿನ್ನು, ಎರಡು ಡಬ್ಬಿ. ಗುಡ್ಡದ ಮೇಲಿಂದ ಒಮ್ಮೆ, ಕಿಟಕಿಯ ಪಕ್ಕದಿಂದ ಒಮ್ಮೆ ಚಿತ್ರ ಹಿಡಿದು, ಪ್ರತಿ ಭಾನುವಾರ ಹಳೇ ವೇಳಾಪಟ್ಟಿಯ ಒಂಬತ್ತು ಇಪ್ಪತ್ತಕ್ಕೇ ಒಂದು ವಿಡಿಯೊ ಹಾಕುತ್ತಿದ್ದ. ನೋಡುವವರು ಇನ್ನೂರ ಹನ್ನೊಂದು ಮಂದಿ. ಇನ್ನೂರ ಹನ್ನೊಂದೂ ತಪ್ಪು ಹುಡುಕುವ ಜನವೇ.

ಅವರ ಕೈಗೆ ಸಿಗಬಾರದೆಂದು ಎವ್ತಿಮ್ ಪಟ್ಟ ಪಾಡು ಅಷ್ಟಿಷ್ಟಲ್ಲ. ಊರಲ್ಲಿ ಯಾರಾದರೂ ಸತ್ತರೆ ಕಪ್ಪು ಅಂಚಿನ ಹಾಳೆಯಲ್ಲಿ ಫೋಟೊ, ಹೆಸರು, ತಾರೀಖು ಅಚ್ಚು ಹಾಕಿಸಿ ಬಾಗಿಲಿಗೆ, ಕಂಬಕ್ಕೆ, ಗೋಡೆಗೆ ಅಂಟಿಸುವುದು ಇದ್ದದ್ದೇ. ನಲವತ್ತನೇ ದಿನಕ್ಕೆ ಮತ್ತೊಂದು, ವರ್ಷಕ್ಕೆ ಇನ್ನೊಂದು. ಇಂಥ ಹಾಳೆಗಳಿಲ್ಲದ ಗೋಡೆ ಸ್ಟೇಷನ್ನಿನ ಗೋಡೆಯೇ ಅಲ್ಲವೆಂದು, ಎವ್ತಿಮ್ ಪರದೆಯೊಳಗಿನ ಸ್ಟೇಷನ್ನಿಗೂ ಆಯಾ ವಾರದ ಸಾವಿನ ಹಾಳೆಗಳನ್ನು ಅಂಟಿಸುತ್ತಿದ್ದ. ಊರವರಿಗೆ ಇದು ಬಹಳ ಹಿಡಿಸಿತು. ಹಾಳೆ ಹಿಡಿದು ಮನೆಗೇ ಬರತೊಡಗಿದರು.

"ನಮ್ಮಪ್ಪನ್ನ ಟಿಕೆಟ್ ಕಿಟಕಿ ಪಕ್ಕ ಹಾಕು ಎವ್ತಿಮ್. ಹಿಂದಿನ ಸಲ ಕಕ್ಕಸಿನ ಗೋಡೆಗೆ ಹಾಕಿದ್ದೆ, ನಮ್ಮಮ್ಮ ಎರಡು ದಿನ ಊಟ ಬಿಟ್ಟಳು."

ಎವ್ತಿಮ್‌ನ ಹೆಂಡತಿ ರಾಡ್ಕಾಳಿಗೆ ರೈಲಿನ ಗೊಡವೆ ಬೇಕಿರಲಿಲ್ಲ. ಅವಳದ್ದು ಬಸ್ಸು. ದೋಲೆನ್ ಬ್ರೋದ್‌ನಲ್ಲಿ ಅವಳ ಅಕ್ಕ ನೆವೆನಾ ಒಬ್ಬಳೇ ಇದ್ದಳು. ಸೊಂಟ ಮುರಿದ ಮೇಲೆ ಮೂರನೇ ಮಹಡಿಯಿಂದ ಕೆಳಗಿಳಿದವಳಲ್ಲ. ಪ್ರತಿ ಗುರುವಾರ ಬೆಳಗಿನ ಬಸ್ಸಿಗೆ ಹೋಗಿ, ಅಕ್ಕನಿಗೆ ಸ್ನಾನ ಮಾಡಿಸಿ, ಅನ್ನ ತುಂಬಿದ ದೊಣ್ಣೆ ಮೆಣಸಿನಕಾಯಿ ಬೇಯಿಸಿಟ್ಟು, ನೆರೆಹೊರೆಯವರನ್ನೆಲ್ಲ ಇಬ್ಬರೂ ಸೇರಿ ಮನಸಾರೆ ಬೈದು, ಸಂಜೆಯ ಬಸ್ಸಿಗೆ ವಾಪಸು. ಆರು ದಿನ ನೆವೆನಾ ಆ ಒಂದು ದಿನಕ್ಕಾಗಿ ಕಾಯುತ್ತಿದ್ದಳು. ರಾಡ್ಕಾಳೂ ಅಷ್ಟೇ, ಹೇಳಿಕೊಳ್ಳುತ್ತಿರಲಿಲ್ಲ.

ಇತ್ತ ಪುನಶ್ಚೇತನ ಕಚೇರಿಗೆ ಈ ಮಾರ್ಗದಲ್ಲಿ ಮತ್ತೆ ಹಳಿ ಹಾಕಲೆಂದು ಹೊರಗಿನ ದಾನಿಗಳಿಂದ ಹಣ ಬಂದಿತ್ತು. ಹಣ ಪೂರ್ತಿ ಬಳಕೆಯಾಗಿತ್ತು, ಅದರಲ್ಲಿ ಲೋಪವಿಲ್ಲ. ಮುಖ್ಯಾಧಿಕಾರಿಗಳ ಅತ್ತೆಯವರ ಹೆಸರಿನಲ್ಲಿ ಬೆಟ್ಟದ ತಪ್ಪಲಲ್ಲಿ ಹನ್ನೆರಡು ಕೋಣೆಯ ಅತಿಥಿಗೃಹವೊಂದು ಎದ್ದಿತ್ತು. ಅದಕ್ಕೆ 'ನಿಲ್ದಾಣ' ಎಂದೇ ಹೆಸರಿಟ್ಟಿದ್ದರಿಂದ ಯೋಜನೆಯ ಉದ್ದೇಶ ಸಂಪೂರ್ಣ ವಿಫಲವಾಯಿತೆನ್ನಲು ಬರುವುದಿಲ್ಲ. ಆದರೆ ದಾನಿಗಳು ರೈಲು ಓಡುವುದಕ್ಕೆ ಪುರಾವೆ ಕೇಳಿದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತು ಅವರ ಕಿವಿಗೆ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಕಚೇರಿಯ ಪರಿವೀಕ್ಷಕ ಬೋಬೆವ್ ಮೂರು ದಿನ ತಲೆ ಕೆರೆದುಕೊಂಡು, ನಾಲ್ಕನೇ ದಿನ ಎವ್ತಿಮ್‌ನ ವಿಡಿಯೊ ಕಂಡು, ಅದನ್ನೇ ಲಕೋಟೆಗೆ ಹಾಕಿ ಕಳಿಸಿದ.

ದಾನಿಗಳ ತಜ್ಞರು ದಡ್ಡರೇನಲ್ಲ. ಅನುಮಾನ ಬಂತು. ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಸ್ಟೇಷನ್ನಿನ ಗೋಡೆಯ ಮೇಲೆ ಸ್ಟಾಮೆನ್ ಎಂಬ ಮುದುಕನ ಸಾವಿನ ಹಾಳೆ ಕಂಡಿತು. ಜನನ ಮರಣ ದಾಖಲೆ ತರಿಸಿದರು. ಸ್ಟಾಮೆನ್ ಅದೇ ತಾರೀಖಿನಂದು, ಅದೇ ವಯಸ್ಸಿನಲ್ಲಿ, ಅದೇ ಮೀಸೆಯೊಂದಿಗೆ ಸತ್ತಿದ್ದು ದೃಢಪಟ್ಟಿತು. ಸತ್ತವನು ನಿಜವಾದ ಮೇಲೆ ಗೋಡೆ ನಿಜ, ಗೋಡೆ ನಿಜವಾದ ಮೇಲೆ ಅದರ ಮುಂದೆ ನಿಂತ ರೈಲೂ ನಿಜ ಎಂದು ಷರಾ ಬರೆದು ಪ್ರಮಾಣಪತ್ರ ಕೊಟ್ಟರು.

ಮರು ಗುರುವಾರ ರಾಡ್ಕಾ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೋದಳು. ಅಲ್ಲಿ ಪ್ರಕಟಣೆಯೊಂದನ್ನು ಅಂಟಿಸಲಾಗಿತ್ತು.

"ರೈಲು ಸಂಪರ್ಕವಿರುವ ಮಾರ್ಗದಲ್ಲಿ ಸರ್ಕಾರಿ ನೆರವಿನ ಬಸ್ಸು ಓಡತಕ್ಕದ್ದಲ್ಲ (ನಿಯಮ ೧೭). ಆದಕಾರಣ ಪ್ರಯಾಣಿಕರ ಅನುಕೂಲಕ್ಕಾಗಿ ಬಸ್ಸನ್ನು ರದ್ದುಪಡಿಸಲಾಗಿದೆ. ಪ್ರಯಾಣಿಕರು ಬೆಳಗ್ಗೆ ೯-೨೦ರ ರೈಲಿನ ಪ್ರಯೋಜನ ಪಡೆಯತಕ್ಕದ್ದು."

ರಾಡ್ಕಾ ಆ ಹಾಳೆಯನ್ನು ಕಿತ್ತುಕೊಂಡು ಬಂದು ಗಂಡನ ಕೀಬೋರ್ಡಿನ ಮೇಲೆ ಹರಡಿದಳು.

"ಓದು. ಜೋರಾಗಿ ಓದು, ನಂಗೂ ಕೇಳ್ಲಿ."

ಎವ್ತಿಮ್ ಓದಿದ. ಎರಡನೇ ಸಲ ಮೆಲ್ಲಗೆ ಓದಿದ.

"ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ನಿನ್ನ ನೋಡೇ ಗಾದೆ ಮಾಡಿರ್ಬೇಕು," ಎಂದಳು ರಾಡ್ಕಾ. "ನಿನ್ನ ರೈಲು ನನ್ನ ಬಸ್ಸನ್ನ ನುಂಗ್ತಲ್ಲೋ ಮಹರಾಯ. ಅಲ್ಲಿ ಅಕ್ಕ ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತಿರ್ತಾಳೆ."

ಊರಲ್ಲಿ ಎರಡೇ ಕಾರು. ಒಂದರ ಯಜಮಾನ ಸ್ಪೇನಿನಲ್ಲಿ ದುಡಿಯುತ್ತಿದ್ದಾನೆ, ಇನ್ನೊಂದರಲ್ಲಿ ಕೋಳಿಗಳು ವಾಸವಾಗಿವೆ. ಪಟ್ಟಣದ ಟ್ಯಾಕ್ಸಿಯವನಿಗೆ ಫೋನ್ ಮಾಡಿದರೆ, ರೈಲಿರುವ ಊರಿಗೆ ತಾನು ಬರುವುದಿಲ್ಲ, ಅಲ್ಲಿ ಗಿರಾಕಿ ಸಿಗುವುದಿಲ್ಲ ಎಂದ.

ಅದೇ ವಾರ ಬೋಬೆವ್ ಕಚೇರಿಯ ಕಾರಿನಲ್ಲಿ ಸ್ವತಃ ಬಂದ. ಎವ್ತಿಮ್‌ನ ಕೈಕುಲುಕಿ, ರಾಡ್ಕಾ ಇಟ್ಟ, ಗಿಣ್ಣು ತುಂಬಿ ಸುಟ್ಟ ಬನಿತ್ಸಾ ರೊಟ್ಟಿಯನ್ನು ಎರಡು ತುಂಡು ತಿಂದು, ಚೀಲದಿಂದ ಆದೇಶವೊಂದನ್ನು ತೆಗೆದ. ಇನ್ನು ಮುಂದೆ ಭಾನುವಾರ ಮಾತ್ರವಲ್ಲ, ದಿನವೂ ರೈಲು ಓಡತಕ್ಕದ್ದು. ಕಳೆದ ಭಾನುವಾರ ನಾಲ್ಕು ನಿಮಿಷ ತಡವಾದ ಬಗ್ಗೆ ವಿವರಣೆ ಬರೆದುಕೊಡತಕ್ಕದ್ದು.

"ಸ್ವಾಮಿ, ಹಳಿನೇ ಇಲ್ವಲ್ಲ," ಎಂದ ಎವ್ತಿಮ್. "ಕಿಟಕಿಯಿಂದ ಬಗ್ಗಿ ನೋಡಿ. ಹಳಿ ಇದ್ದ ಜಾಗದಲ್ಲಿ ಮೇಕೆ ಮೇಯ್ತಿವೆ."

ಬೋಬೆವ್ ಕಿಟಕಿಯ ಕಡೆ ತಿರುಗಲಿಲ್ಲ. "ಅಂದ್ರೆ ನಿಮ್ಮ ವಿಡಿಯೊ ಸುಳ್ಳು ಅಂತೀರಾ ಎವ್ತಿಮ್ ಅವರೇ?"

"ಸುಳ್ಳಲ್ಲ. ಆದ್ರೆ…"

"ಹಳಿ ಅಳತೆಯಲ್ಲಿ ಏನಾದ್ರೂ ತಪ್ಪಿದೆಯಾ?"

"ಅಳತೆ ಸರಿಯಾಗೇ ಇದೆ," ಎಂದ ಎವ್ತಿಮ್, ಸ್ವಲ್ಪ ಸಿಟ್ಟಿನಿಂದಲೇ.

"ಸ್ಲೀಪರು ಕಮ್ಮಿ ಬಿದ್ದಿದೆಯಾ?"

"ಒಂದೂ ಕಮ್ಮಿ ಇಲ್ಲ. ಹಳೇ ನಕ್ಷೆ ಮುಂದಿಟ್ಕೊಂಡು ಎಣಿಸಿದ್ದೀನಿ."

"ನಾಲ್ಕು ವರ್ಷದಲ್ಲಿ ನೋಡಿದವರು ಯಾರಾದ್ರೂ ಒಂದು ತಪ್ಪು ತೋರಿಸಿದ್ದಾರಾ?"

"ಒಬ್ಬ ಎಂಜಿನ್ನಿನ ಕೆಂಪು ಸರಿ ಇಲ್ಲ ಅಂದ. ಅವನದೇ ತಪ್ಪು ಅಂತ ಆಮೇಲೆ ಒಪ್ಕೊಂಡ."

"ನೋಡಿ, ನೀವೇ ಹೇಳಿದ್ರಿ," ಎಂದು ಬೋಬೆವ್ ಮೂರನೇ ತುಂಡಿಗೆ ಕೈ ಹಾಕಿದ. ಎವ್ತಿಮ್‌ನಿಗೆ ತನ್ನ ನಾಲಿಗೆಯೇ ತನ್ನನ್ನು ಕಟ್ಟಿಹಾಕಿದ್ದು ಗೊತ್ತಾಯಿತು. ಆದರೂ ಸ್ಲೀಪರು ಕಮ್ಮಿಯಿದೆ ಎನ್ನಲು ಅವನಿಂದಾಗಲಿಲ್ಲ.

ರಾಡ್ಕಾ ಮಧ್ಯೆ ಬಾಯಿ ಹಾಕಿದಳು. "ಹೋಗ್ತಾ ನನ್ನ ಪಟ್ಟಣಕ್ಕೆ ಬಿಡ್ತೀರಾ? ನಿಮ್ಮ ಕಾರು ಹೇಗೂ ಅಲ್ಲಿಗೇ ಹೋಗತ್ತೆ."

"ಬಿಡಬಹುದಿತ್ತಮ್ಮ. ಆದ್ರೆ ರೈಲು ಓಡೋ ಮಾರ್ಗದಲ್ಲಿ ಸರ್ಕಾರಿ ಕಾರು ಪ್ರಯಾಣಿಕರನ್ನ ಹತ್ತಿಸ್ಕೊಂಡ್ರೆ ರೈಲಿಗೆ ನಷ್ಟ."

ಹೀಗೆ ಎವ್ತಿಮ್‌ನ ಹವ್ಯಾಸ ಚಾಕರಿಯಾಯಿತು. ಬೆಳಗಾದರೆ ಗಡಿಯಾರ ನೋಡಿ ರೈಲು ಬಿಡಬೇಕು, ವಿಡಿಯೊ ಹಾಕಬೇಕು. ನೆಗಡಿಯಾದರೆ ರಜಾ ಅರ್ಜಿ ಬರೆಯಬೇಕು. ಮೂರು ಗುರುವಾರ ಕಳೆದವು. ನೆವೆನಾ ಫೋನಿನಲ್ಲಿ ಮೊದಲ ವಾರ ಬೈದಳು, ಎರಡನೇ ವಾರ ಅತ್ತಳು, ಮೂರನೇ ವಾರ ಹವಾಮಾನದ ಬಗ್ಗೆ ಮಾತ್ರ ಮಾತಾಡಿ ಫೋನ್ ಇಟ್ಟಳು. ರಾಡ್ಕಾಳ ಮುಖ ನೋಡಲಾಗದೆ ಎವ್ತಿಮ್ ಕಚೇರಿಯ ನಿಯಮಾವಳಿಯನ್ನು ತರಿಸಿಕೊಂಡು, ಹುಳಿ ಅಳೆಯುವ ಹಳೇ ಶ್ರದ್ಧೆಯಿಂದ ಮೊದಲ ಪುಟದಿಂದ ಓದತೊಡಗಿದ. ಇಪ್ಪತ್ತಮೂರನೇ ನಿಯಮದಲ್ಲಿ ಅವನ ಬೆರಳು ನಿಂತಿತು.

"ರಾಡ್ಕಾ, ಇಲ್ಲಿ ಬಾ. ಸೇತುವೆ ಕುಸಿದು ಮಾರ್ಗ ಕಡಿದುಹೋದ್ರೆ ನಲ್ವತ್ತೆಂಟು ಗಂಟೆಯೊಳಗೆ ಬದಲಿ ಬಸ್ಸು ಬಿಡಲೇಬೇಕಂತೆ."

"ಹಾಗಾದ್ರೆ ಸೇತುವೆ ಬೀಳ್ಸು."

ಎವ್ತಿಮ್ ಪರದೆಯ ಮೇಲೆ ತಾನು ಕಟ್ಟಿದ ಸೇತುವೆಯ ಕಡೆ ನೋಡಿದ. ಏಳು ಕಮಾನಿನ ಆ ಕಲ್ಲಿನ ಸೇತುವೆಗೆ ಅವನು ಹನ್ನೊಂದು ತಿಂಗಳು ತೆಗೆದುಕೊಂಡಿದ್ದ. ಎರಡನೇ ಕಮಾನಿನ ಪಾಚಿಗೇ ಒಂದು ವಾರ ಹಿಡಿದಿತ್ತು.

"ಕಲ್ಲು ಹೆಚ್ಚೋ ನನ್ನಕ್ಕ ಹೆಚ್ಚೋ?" ಎಂದಳು ರಾಡ್ಕಾ. ಅವನ ಮುಖ ನೋಡಿ ದನಿ ಇಳಿಸಿದಳು. "ಗೊತ್ತು ಕಣೋ. ಆ ಪಾಚಿ ನಂಗೂ ಇಷ್ಟ."

ಮಂಗಳವಾರ ಬೆಳಗ್ಗೆ ಎವ್ತಿಮ್ ಮೊದಲು ರೈಲನ್ನು ಸೇತುವೆಗಿಂತ ಈಚೆಗೆ ನಿಲ್ಲಿಸಿ, ಒಳಗಿದ್ದ ಪುಟ್ಟ ಪುಟ್ಟ ಪ್ರಯಾಣಿಕರನ್ನೆಲ್ಲ ಒಬ್ಬೊಬ್ಬರಾಗಿ ಇಳಿಸಿ ಹುಲ್ಲಿನ ಮೇಲೆ ಸುರಕ್ಷಿತ ದೂರದಲ್ಲಿ ನಿಲ್ಲಿಸಿದ. ಆಮೇಲೆ ಕಮಾನುಗಳನ್ನು ಕೆಡವಿದ. ಕೆಡವುವಾಗ ಅವನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆ ವಿಡಿಯೊವನ್ನು ಹನ್ನೊಂದು ಸಾವಿರ ಜನ ನೋಡಿದರು. ಧೂಳು ಎಡಕ್ಕೆ ಹಾರಬೇಕಿತ್ತು, ಬಲಕ್ಕೆ ಹಾರಿದೆ ಎಂದು ಮೂವರು ಆಕ್ಷೇಪಿಸಿದರು.

ಕಚೇರಿ ಹಿಂದೆಂದೂ ಇಲ್ಲದ ಚುರುಕಿನಿಂದ ಎದ್ದು ಕೂತಿತು. ಮಧ್ಯಾಹ್ನದೊಳಗೆ ಐದು ಜನರ ತನಿಖಾ ಸಮಿತಿ ರಚನೆಯಾಯಿತು. ಸಮಿತಿಯು ವಿಡಿಯೊವನ್ನು ಸ್ಥಳ ಪರಿಶೀಲನೆಯೆಂದು ಪರಿಗಣಿಸಿ, ಐವರಿಗೂ ಪ್ರಯಾಣ ಭತ್ಯೆ ಮಂಜೂರು ಮಾಡಿಕೊಂಡಿತು. ಸಂಜೆಯೊಳಗೆ ಹೊಸ ಸೇತುವೆಗೆ ದಾನಿಗಳ ಮುಂದೆ ಅರ್ಜಿ ಹೋಯಿತು. ಕುಸಿದ ಸೇತುವೆಯ ಚಿತ್ರ ನೋಡಿದ ದಾನಿಗಳು ಮರುಗಿ, ಮೊದಲಿನದಕ್ಕಿಂತ ಎರಡು ಪಟ್ಟು ಕೊಡಲು ಒಪ್ಪಿದರು. ಅತಿಥಿಗೃಹದ ಪಕ್ಕದ ಜಮೀನನ್ನು ಬುಧವಾರ ಅಳೆಯಲಾಯಿತು.

ಗುರುವಾರ ಬೆಳಗ್ಗೆ ಊರಿಗೆ ಊರೇ ಬಸ್ ನಿಲ್ದಾಣದಲ್ಲಿ ಸೇರಿತ್ತು. ರಾಡ್ಕಾ ಕಂದು ಕೋಟು ಹಾಕಿ, ಮೊಸರಿನ ಗಡಿಗೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಎವ್ತಿಮ್ ಪಕ್ಕದಲ್ಲಿ ನಿಂತು ಇಪ್ಪತ್ತು ಸಲ ಗಡಿಯಾರ ನೋಡಿದ. ಸರಿಯಾಗಿ ಒಂಬತ್ತು ಇಪ್ಪತ್ತಕ್ಕೆ ತಿರುವಿನಲ್ಲಿ ಸದ್ದಾಯಿತು. ಬಂದದ್ದು ಬೋಬೆವ್‌ನ ಕಾರು.

"ಅಭಿನಂದನೆಗಳು," ಎಂದ ಬೋಬೆವ್ ಕಾರಿನಿಂದ ಇಳಿದು. "ಬದಲಿ ಬಸ್ಸು ಮಂಜೂರಾಗಿದೆ. ಇವತ್ತಿನಿಂದಲೇ ಜಾರಿ."

ಜನ ಚಪ್ಪಾಳೆ ತಟ್ಟಿದರು. ಬೋಬೆವ್ ಆದೇಶವನ್ನು ಗಂಭೀರವಾಗಿ ಓದಿದ: "ರೈಲು ಯಾವ ಮಾರ್ಗದಲ್ಲಿ, ಯಾವ ವಿಧಾನದಲ್ಲಿ ಸಂಚರಿಸುತ್ತಿತ್ತೋ, ಬದಲಿ ಬಸ್ಸು ಅದೇ ಮಾರ್ಗದಲ್ಲಿ, ಅದೇ ವಿಧಾನದಲ್ಲಿ ಸಂಚರಿಸತಕ್ಕದ್ದು. ಬಸ್ಸಿನ ನಿರ್ಮಾಣ, ಚಾಲನೆ ಮತ್ತು ಚಿತ್ರೀಕರಣದ ಹೊಣೆ ಶ್ರೀ ಎವ್ತಿಮ್ ಅವರದು."

ಆಮೇಲೆ ಹಿಂದಿನಿಂದ ಒಬ್ಬ ಮುದುಕ ಕೇಳಿದ:

"ನಮ್ಮಂಥ ವಯಸ್ಸಾದವರಿಗೆ ರಿಯಾಯಿತಿ ಉಂಟೋ?"

"ಉಂಟು," ಎಂದ ಬೋಬೆವ್. ಜನರಿಗೆ ಸಮಾಧಾನವಾಯಿತು.

ಅಂದೇ ಸಾಲು ಎವ್ತಿಮ್‌ನ ಮನೆ ಬಾಗಿಲಿಗೆ ಬಂತು. ಒಬ್ಬಳಿಗೆ ಕಿಟಕಿ ಪಕ್ಕ ಬೇಕು, ಒಬ್ಬನಿಗೆ ಹಿಂದಿನ ಸೀಟು ಬೇಡ, ಕುಲುಕಾಟಕ್ಕೆ ಬೆನ್ನು ಹಿಡಿಯುತ್ತದಂತೆ. ಎವ್ತಿಮ್ ಎಲ್ಲರನ್ನೂ ಬರೆದುಕೊಂಡ. ಅವನಿಗೆ ಕೂಗಾಡಬೇಕೆನ್ನಿಸಿತು. ಆದರೆ ಬಸ್ಸಿನ ಚಕ್ರದ ಅಳತೆ ತಪ್ಪಿದರೆ ನೋಡುವವರು ಬಿಡುವುದಿಲ್ಲ, ಅದಕ್ಕೇ ಮೊದಲು ಅಳತೆ ಹುಡುಕಿದ. ರಾಡ್ಕಾ ಆ ವಾರವಿಡೀ ಅವನ ಕೋಣೆಗೆ ಕಾಲಿಡಲಿಲ್ಲ. ಮುಂದಿನ ಬುಧವಾರ ಬಂದು ಬಾಗಿಲಿಗೆ ಒರಗಿ ನಿಂತಳು.

"ನನ್ನ ಎಲ್ಲಿ ಕೂರಿಸಿದ್ದೀಯ?"

"ಮುಂದಿನ ಸೀಟು. ಡ್ರೈವರ್ ಹಿಂದೆ."

"ಕೋಟಿಗೆ ಮೇಲಿನ ಗುಂಡಿ ಹಾಕು. ಕೆಳಗೆ ಪಟ್ಟಣದಲ್ಲಿ ಗಾಳಿ ಜಾಸ್ತಿ."

ಗುರುವಾರದ ವಿಡಿಯೊದಲ್ಲಿ ಬಸ್ಸು ಒಂಬತ್ತು ಇಪ್ಪತ್ತಕ್ಕೆ ಸರಿಯಾಗಿ ಹೊರಟು, ದೋಲೆನ್ ಬ್ರೋದ್ ತಲುಪಿತು. ಕಂದು ಕೋಟಿನ ಪುಟ್ಟ ಹೆಂಗಸೊಬ್ಬಳು ಇಳಿದು, ಮೂರನೇ ಮಹಡಿಯ ಮನೆಯವರೆಗೂ ಮೆಟ್ಟಿಲು ಹತ್ತಿ, ಬಾಗಿಲ ಮುಂದೆ ನಿಂತಳು. ವಿಡಿಯೊ ಅಲ್ಲಿಗೆ ಮುಗಿಯಿತು. ಅತ್ತ ನೆವೆನಾಳೂ ಅದನ್ನು ನೋಡಿದ್ದಳು; ಐದು ನಿಮಿಷಕ್ಕೆ ಫೋನ್ ಬಡಿದುಕೊಂಡಿತು.

"ಏನೇ ರಾಡ್ಕಾ," ಎಂದಳು ನೆವೆನಾ. "ಅಷ್ಟು ದೂರ ಬಂದು, ಬಾಗಿಲವರೆಗೂ ಬಂದು, ಒಳಗೆ ಬರ್ದೆ ಹೋದ್ಯಲ್ಲೇ. ನಾನೇನಾದ್ರೂ ಅಂದ್ನಾ?"

ರಾಡ್ಕಾ ಗಂಡನ ಕಡೆ ನೋಡಿದಳು. ಎವ್ತಿಮ್ ಆಗಲೇ ಪರದೆಯ ಕಡೆ ತಿರುಗಿ, ನೆವೆನಾಳ ಅಡುಗೆಮನೆಗೆ ಮೊದಲ ಗೋಡೆ ಎಳೆಯುತ್ತಿದ್ದ.

"ಛೆ, ಇಲ್ಲ ಅಕ್ಕ," ಎಂದಳು ರಾಡ್ಕಾ. "ವಾಪಸ್ ಬಸ್ಸಿಗೆ ಹೊತ್ತಾಗಿತ್ತು. ಬರೋ ವಾರ ಒಳಗೆ ಬರ್ತೀನಿ."

ನೆವೆನಾ ಒಪ್ಪಿದಳು. ಬರುವಾಗ ಅರ್ಧ ಕಿಲೋ ಉಪ್ಪು ತರಲು ಹೇಳಿ ಫೋನ್ ಇಟ್ಟಳು.